ಆಶ್ರಯ ಕೋರಿಕೆ: ತೀರ್ಮಾನದ ವಿಳಂಬ ಮತ್ತು ಕಾಯುವವರ ಬದುಕು

ಹುಟ್ಟಿದ ನೆಲದಲ್ಲಿ ಜೀವಕ್ಕೋ ಸ್ವಾತಂತ್ರ್ಯಕ್ಕೋ ಕುತ್ತು ಬಂದು, ಗಡಿ ದಾಟಿ ಬೇರೊಂದು ದೇಶದ ರಕ್ಷಣೆ ಬೇಡುವುದಕ್ಕೆ ಆಶ್ರಯ ಕೋರಿಕೆ ಎಂದು ಹೆಸರು. ಬೇಡಿ ಉತ್ತರಕ್ಕೆ ಕಾದಿರುವವರು ಆಶ್ರಯಾರ್ಥಿಗಳು. ಕೋರಿಕೆ ಒಪ್ಪಿಗೆಯಾದವರು ನಿರಾಶ್ರಿತರು. ಆಶ್ರಯ ದೊರೆತವರಿಗೇ ಕನ್ನಡದಲ್ಲಿ ನಿರಾಶ್ರಿತರೆಂಬ ಮಾತು ನಿಂತುಬಿಟ್ಟಿದೆ. ಇನ್ನೂ ದೊರೆಯದೆ ಕಾಯುತ್ತಿರುವವರನ್ನು ಕರೆಯಲು ಊರವರ ಬಾಯಲ್ಲಿ ಪ್ರತ್ಯೇಕ ಪದವೇ ಇಲ್ಲ. ಕಾನೂನಿನಲ್ಲೂ ಅವರ ಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಇದೆ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಾದ್ಯಂತ ಸುಮಾರು 84 ಲಕ್ಷ ಮಂದಿ ತಮ್ಮ ಆಶ್ರಯ ಅರ್ಜಿಯ ಮೇಲಿನ ತೀರ್ಮಾನಕ್ಕೆ ಕಾಯುತ್ತಿದ್ದರು.

ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ವಿಳಂಬವೆಂದರೆ ಕಡತಗಳ ರಾಶಿ. ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ, ಅದರ ರೂಪ ಬೇರೆ. ಇಲ್ಲಿ ಅರ್ಜಿಯನ್ನು ತೆಗೆದುಕೊಂಡು ಇಷ್ಟು ದಿನದೊಳಗೆ ಹೌದು ಅಥವಾ ಅಲ್ಲ ಎನ್ನಲೇಬೇಕೆಂದು ಕಾನೂನು ಕಟ್ಟಿಹಾಕಿರುವ ಅಧಿಕಾರಿ ಇಲ್ಲ. ಆದ್ದರಿಂದ ಇಲ್ಲಿನ ಕಾಯುವಿಕೆಗೆ ಸರದಿಯೂ ಇಲ್ಲ, ಸರದಿಯ ಸಂಖ್ಯೆಯೂ ಇಲ್ಲ.

ಜಿಲ್ಲೆಯ ಎರಡು ಬಾಗಿಲುಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆ ಈ ವಿಷಯದಲ್ಲಿ ವಿಶೇಷವಾದ ಜಾಗ. ಪೂರ್ವದ ಹೊಸಕೋಟೆಯಿಂದ ವಾಯವ್ಯಕ್ಕೆ ಹೊರಟರೆ ದೇವನಹಳ್ಳಿಯ ಬಳಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಸಿಗುತ್ತದೆ. ಓದಲೆಂದೋ ಚಿಕಿತ್ಸೆಗೆಂದೋ ವೀಸಾ ಹಿಡಿದು ಬಂದು, ಆಮೇಲೆ ತಮ್ಮ ದೇಶ ಹೊತ್ತಿ ಉರಿದಿದ್ದರಿಂದ ಹಿಂದಿರುಗಲಾಗದೆ ಉಳಿದವರಿಗೆ ಅದೇ ಒಳಬಾಗಿಲು. ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ, ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ, ವಿದೇಶಿಯರ ಬಂಧನ ಕೇಂದ್ರವಿದೆ. ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡಕ್ಕೆ ಎತ್ತರದ ಕಾಂಪೌಂಡು, ಮುಳ್ಳುತಂತಿ, ಕಾವಲು ಗೋಪುರ ಕಟ್ಟಿ 2019ರ ಕೊನೆಯ ಹೊತ್ತಿಗೆ ಅದನ್ನು ಸಿದ್ಧಗೊಳಿಸಲಾಯಿತು. ಅಲ್ಲಿಗೆ ಬರುವವರು ವೀಸಾ ಅವಧಿ ಮೀರಿದವರು, ಶಿಕ್ಷೆ ಮುಗಿಸಿ ಗಡೀಪಾರಿಗೆ ಕಾದಿರುವವರು, ಯಾವ ದೇಶದವರೆಂದು ಇನ್ನೂ ಖಚಿತವಾಗದವರು. ಅವರಲ್ಲಿ ಯಾರು ಜೀವಭಯದಿಂದ ಬಂದವರು ಎಂದು ವಿಂಗಡಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ಈ ಎರಡು ಬಾಗಿಲುಗಳ ನಡುವಿನ ನೆಲದಲ್ಲಿ, ಅಂದರೆ ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ, ಕಾಯುವವರು ವಾಸಿಸುತ್ತಾರೆ. ಕೊತ್ತನೂರು, ಹೆಣ್ಣೂರು ಕಡೆಗೆ ಆಫ್ರಿಕದ ನಾನಾ ದೇಶಗಳ ವಿದ್ಯಾರ್ಥಿಗಳು. ಥಣಿಸಂದ್ರ, ಬೆಳ್ಳಹಳ್ಳಿ ಸುತ್ತಿನ ಶೆಡ್ಡುಗಳಲ್ಲಿ ಚಿಂದಿ ಆಯುವ, ಗುಜರಿ ವಿಂಗಡಿಸುವ ಕೆಲಸಕ್ಕೆ ಬಂದ ಮ್ಯಾನ್ಮಾರಿನ ರೋಹಿಂಗ್ಯಾ ಕುಟುಂಬಗಳು. ನಗರದ ಕಾಲೇಜುಗಳಿಗೆ ಬಂದು 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿನ ಕೈಸೇರಿದ ಮೇಲೆ ಊರಿಗೆ ಹೋಗಲಾಗದೆ ಉಳಿದ ಅಫ್ಘಾನ್ ವಿದ್ಯಾರ್ಥಿಗಳು. ಹೊಸಕೋಟೆಯ ಕಾರ್ಖಾನೆ, ಗೋದಾಮು, ಕಟ್ಟಡ ಕೆಲಸಗಳಿಗೆ ಬರುವವರಲ್ಲಿ ಬಹುಪಾಲು ಬಿಹಾರ, ಒಡಿಶಾ, ಅಸ್ಸಾಂ, ಪಶ್ಚಿಮ ಬಂಗಾಳಗಳ ಭಾರತೀಯರೇ. ಆದರೆ ಯಾರು ಯಾರೆಂದು ತೀರ್ಮಾನಿಸುವ ವ್ಯವಸ್ಥೆ ಸಡಿಲವಾದಲ್ಲಿ ಸಂದೇಹವೇ ತೀರ್ಮಾನ ಕೊಡತೊಡಗುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳ ಗುಡಿಸಲೆಂದು ಶೆಡ್ಡುಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಆ ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು.

ಉತ್ತರ ಕೊಡಬೇಕಾದವರು

1951ರ ನಿರಾಶ್ರಿತರ ಒಡಂಬಡಿಕೆಗೂ 1967ರ ಅದರ ಪೂರಕ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ. ದೇಶದೊಳಗೂ ನಿರಾಶ್ರಿತರ ಕಾನೂನು ಇಲ್ಲ. 1946ರ ವಿದೇಶಿಯರ ಕಾಯ್ದೆಯಾಗಲಿ, ಅದರ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಾಗಲಿ ನಿರಾಶ್ರಿತರೆಂದರೆ ಯಾರೆಂದು ಹೇಳುವುದಿಲ್ಲ. ಕಾಯ್ದೆಯ ಕಣ್ಣಿಗೆ ಪ್ರವಾಸಿಯೂ ವಿದೇಶಿ, ಜೀವ ಉಳಿಸಿಕೊಳ್ಳಲು ಓಡಿಬಂದವನೂ ವಿದೇಶಿ.

ಆದರೂ ಭಾರತ ಆಶ್ರಯ ಕೊಟ್ಟಿಲ್ಲವೆಂದರೆ ತಪ್ಪಾಗುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲಿ ಆಶ್ರಯದಲ್ಲಿದ್ದಾರೆ. ಟಿಬೆಟಿನವರನ್ನೂ ಶ್ರೀಲಂಕಾದ ತಮಿಳರನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ, ಯೆಮೆನ್, ಸುಡಾನ್ ಮೊದಲಾದ ಕಡೆಯವರ ಅರ್ಜಿಗಳನ್ನು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ, ಅಂದರೆ ಯುಎನ್‌ಎಚ್‌ಸಿಆರ್, ಪರಿಶೀಲಿಸುತ್ತದೆ. ಮೊದಲು ನೋಂದಣಿ, ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಒಂದು ಪತ್ರ, ಆಮೇಲೆ ದುಭಾಷಿಯ ಸಮ್ಮುಖದಲ್ಲಿ ದೀರ್ಘ ಸಂದರ್ಶನ, ತೀರ್ಮಾನ, ಒಪ್ಪಿಗೆಯಾದರೆ ನಿರಾಶ್ರಿತರ ಕಾರ್ಡು, ಆಗದಿದ್ದರೆ ಮೇಲ್ಮನವಿ. ಬೆಂಗಳೂರಿನಲ್ಲಿ ದಿನಗೂಲಿ ಮಾಡುವವನಿಗೆ ದೆಹಲಿ ಎರಡು ಸಾವಿರ ಕಿಲೋಮೀಟರಿಗೂ ದೂರ. ರೈಲಿನ ಖರ್ಚು, ಕಳೆದುಹೋಗುವ ಕೂಲಿ, ದಾರಿಯಲ್ಲಿ ಗುರುತಿನ ಚೀಟಿ ಕೇಳಿದರೆಂಬ ಭಯ, ಎಲ್ಲವೂ ಆ ದೂರದ ಲೆಕ್ಕಕ್ಕೆ ಸೇರುತ್ತವೆ. ಕೊನೆಗೆ ಕಾರ್ಡು ಕೈಗೆ ಬಂದರೂ ಅದು ವಿಶ್ವಸಂಸ್ಥೆಯ ಮಾತೇ ಹೊರತು ಭಾರತ ಸರ್ಕಾರದ ಅಪ್ಪಣೆಯಲ್ಲ. ಕಾರ್ಡು ಸಿಕ್ಕವರ ಎರಡನೆಯ ಕಾಯುವಿಕೆ ಅಲ್ಲಿಂದ ಶುರುವಾಗುತ್ತದೆ.

ಈ ಕೊರತೆಯನ್ನು ತುಂಬಲೆಂದು ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಒಂದು ಕಾರ್ಯವಿಧಾನ ಕಳುಹಿಸಿ, 2019ರಲ್ಲಿ ಅದನ್ನು ಪರಿಷ್ಕರಿಸಿತು. ತಾನು ನಿರಾಶ್ರಿತನೆಂದು ವಿದೇಶಿಯೊಬ್ಬ ಹೇಳಿಕೊಂಡರೆ ಅವನ ಭಯಕ್ಕೆ ಆಧಾರವಿದೆಯೇ ಎಂದು ವಿಚಾರಿಸಬೇಕು, ಇದೆಯೆಂದು ಕಂಡರೆ ಭದ್ರತಾ ತಪಾಸಣೆ ಮಾಡಿ ದೀರ್ಘಾವಧಿ ವೀಸಾಕ್ಕೆ ಕೇಂದ್ರಕ್ಕೆ ಶಿಫಾರಸು ಮಾಡಬೇಕು. ಆ ವೀಸಾ ಸಿಕ್ಕವರು ಖಾಸಗಿ ಕೆಲಸ ಮಾಡಬಹುದು, ಓದಬಹುದು. ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆ. ಆದರೆ ಅದು ಕಾನೂನಲ್ಲ, ಆಡಳಿತದ ಸೂಚನೆ ಮಾತ್ರ. ಉತ್ತರ ಬರದಿದ್ದಾಗ ಅರ್ಜಿದಾರ ಹಿಡಿದು ಕೇಳಬಹುದಾದ ಹಕ್ಕು ಅದರಲ್ಲಿ ಗಟ್ಟಿಯಾಗಿಲ್ಲ. ವೀಸಾ ಕೊಡುವಾಗಲೂ ಯಾವ ದೇಶದವರು, ಯಾವ ಸಮುದಾಯದವರು ಎಂಬುದರ ಮೇಲೆ ವ್ಯತ್ಯಾಸವಾಗುತ್ತದೆ.

ಈ ಅನಿಶ್ಚಿತತೆ ಸರ್ಕಾರದ ಬಾಯಿಂದಲೇ ಹೊರಬಿದ್ದ ಪ್ರಸಂಗ 2021ರ ಅಕ್ಟೋಬರಿನದು. ರೋಹಿಂಗ್ಯಾಗಳನ್ನು ಗಡೀಪಾರು ಮಾಡಬೇಕೆಂಬ ಅರ್ಜಿಗೆ ಸುಪ್ರೀಂ ಕೋರ್ಟಿನಲ್ಲಿ ಉತ್ತರಿಸಿದ ಕರ್ನಾಟಕ ಸರ್ಕಾರ, ಬೆಂಗಳೂರಿನಲ್ಲಿ 72 ಮಂದಿಯನ್ನು ಗುರುತಿಸಲಾಗಿದೆ, ಸದ್ಯಕ್ಕೆ ಅವರನ್ನು ಹೊರಹಾಕುವ ಯೋಜನೆಯಿಲ್ಲ ಎಂದಿತು. ಕೆಲವೇ ದಿನಗಳಲ್ಲಿ ಆ ಪ್ರಮಾಣಪತ್ರವನ್ನು ಬದಲಿಸಿ, ರಾಜ್ಯದಲ್ಲಿ 126 ಮಂದಿ ಇದ್ದಾರೆ, ನ್ಯಾಯಾಲಯದ ಆದೇಶದಂತೆ ನಡೆಯುತ್ತೇವೆ ಎಂದಿತು. ಎರಡು ಹೇಳಿಕೆಗಳ ನಡುವಿನ ಆ ಕೆಲವು ದಿನ ಒಂದು ಶೆಡ್ಡಿನೊಳಗೆ ಹೇಗೆ ಕಳೆದಿರಬೇಕೆಂಬುದು ಯಾವ ಪ್ರಮಾಣಪತ್ರದಲ್ಲೂ ದಾಖಲಾಗುವುದಿಲ್ಲ.

ತಡವಾಗುವುದೇಕೆ

ಕಾನೂನು ಗಟ್ಟಿಯಾಗಿರುವ ದೇಶಗಳಲ್ಲೂ ಅರ್ಜಿಗಳು ವರ್ಷಗಟ್ಟಲೆ ಕೂರುತ್ತವೆ. ಸಿಬ್ಬಂದಿಯ ಕೊರತೆ ಎಲ್ಲರೂ ಹೇಳುವ ಕಾರಣ. ಅದು ನಿಜವೂ ಹೌದು. 2023ರ ಜೂನ್ ಕೊನೆಗೆ ಬ್ರಿಟನ್ನಿನಲ್ಲಿ ಮೊದಲ ತೀರ್ಮಾನಕ್ಕೆ ಕಾದಿದ್ದವರು ಸುಮಾರು 1 ಲಕ್ಷ 75 ಸಾವಿರ ಮಂದಿ. ಅಮೆರಿಕದ ವಲಸೆ ನ್ಯಾಯಾಲಯಗಳಲ್ಲಿ ಬಾಕಿ ಪ್ರಕರಣಗಳು 2023ರ ಕೊನೆಗೆ 30 ಲಕ್ಷ ದಾಟಿದವು. ಆದರೆ ಸಿಬ್ಬಂದಿಯಷ್ಟೇ ಕಾರಣವೆಂದರೆ ವಿಷಯದ ಮುಕ್ಕಾಲು ಭಾಗ ಕಣ್ಣಿಗೆ ಬೀಳುವುದಿಲ್ಲ.

ಅಮೆರಿಕ 2018ರ ಜನವರಿಯಲ್ಲಿ ಕೊನೆಗೆ ಬಂದ ಅರ್ಜಿಯನ್ನು ಮೊದಲು ತೆಗೆದುಕೊಳ್ಳುವ ಪದ್ಧತಿಗೆ ಮರಳಿತು. ಕೆಲಸದ ಪರವಾನಗಿಗಾಗಿಯೇ ಅರ್ಜಿ ಹಾಕುವವರನ್ನು ತಡೆಯುವುದು ಉದ್ದೇಶ. ಪರಿಣಾಮವಾಗಿ ಆಗಲೇ ಮೂರು ನಾಲ್ಕು ವರ್ಷ ಕಾದಿದ್ದವರ ಕಡತಗಳು ರಾಶಿಯ ಅಡಿಗೆ ಹೋದವು. ಪಡಿತರದ ಅಂಗಡಿಯಲ್ಲಿ ಬೆಳಗಿನಿಂದ ನಿಂತವರನ್ನು ಬಿಟ್ಟು ಈಗ ಬಂದವರಿಗೆ ಅಕ್ಕಿ ಅಳೆದರೆ ಹೇಗೋ ಹಾಗೆ. ಕೆಲವೊಮ್ಮೆ ಸರ್ಕಾರಗಳು ತೀರ್ಮಾನವನ್ನೇ ನಿಲ್ಲಿಸುತ್ತವೆ: 2024ರ ಡಿಸೆಂಬರಿನಲ್ಲಿ ಸಿರಿಯಾದಲ್ಲಿ ಅಸ್ಸಾದ್ ಆಡಳಿತ ಕುಸಿದ ಮರುದಿನವೇ ಜರ್ಮನಿ, ಬ್ರಿಟನ್ ಸೇರಿ ಹಲವು ಯೂರೋಪಿನ ದೇಶಗಳು ಸಿರಿಯನ್ನರ ಅರ್ಜಿಗಳನ್ನು ತಡೆಹಿಡಿದವು. ಅಲ್ಲಿನ ಪರಿಸ್ಥಿತಿ ತಿಳಿಯಾಗಲಿ ಎಂಬುದು ನೆಪವಲ್ಲ, ನಿಜವಾದ ಸಮಸ್ಯೆಯೇ. ಆದರೆ ತಡೆಯ ಅವಧಿಯ ಬಾಡಿಗೆ ಕಟ್ಟಬೇಕಾದವರು ಅರ್ಜಿದಾರರು.

ಇನ್ನೊಂದು ಕಾರಣ ಈ ಅರ್ಜಿಗಳ ಸ್ವಭಾವದಲ್ಲೇ ಇದೆ. ಜಮೀನಿನ ವ್ಯಾಜ್ಯಕ್ಕೆ ಪಹಣಿ ಇರುತ್ತದೆ, ಮುಟೇಶನ್ ಇರುತ್ತದೆ. ರಾತ್ರೋರಾತ್ರಿ ಮನೆ ಬಿಟ್ಟವನ ಬಳಿ ಕಾಗದ ಇರುವುದಿಲ್ಲ. ಇದ್ದರೆ ಅದನ್ನು ಕೊಟ್ಟ ಸರ್ಕಾರವೇ ಅವನ ಬೆನ್ನಟ್ಟಿದ್ದು. ಹಾಗಾಗಿ ಅವನ ಮಾತೇ ಮುಖ್ಯ ಸಾಕ್ಷ್ಯ. ಆ ಮಾತನ್ನು ರೋಹಿಂಗ್ಯಾ ಭಾಷೆಯಿಂದಲೋ ಅಫ್ಘಾನರ ದರಿ ಭಾಷೆಯಿಂದಲೋ ಸೊಮಾಲಿಯಿಂದಲೋ ಸರಿಯಾಗಿ ದಾಟಿಸುವ ದುಭಾಷಿ ಬೇಕು, ಅವನ ಊರಿನ ಪರಿಸ್ಥಿತಿ ಬಲ್ಲವರು ಬೇಕು, ದಿನ, ದಾರಿ, ಹೆಸರುಗಳು ಹೊಂದುತ್ತವೆಯೇ ಎಂದು ಮತ್ತೆ ಮತ್ತೆ ಕೇಳಬೇಕು. ಇದಕ್ಕೆ ಸಮಯ ಬೇಕು, ಕೊಡಲೂ ಬೇಕು. ಅವಸರದಲ್ಲಿ ಕೊಟ್ಟ ತಪ್ಪು ತೀರ್ಪು ಒಬ್ಬನನ್ನು ಸೆರೆಮನೆಗೋ ಸಾವಿಗೋ ಹಿಂದಿರುಗಿಸಬಲ್ಲದು.

ಆದರೆ ಕೇಡು ಇರುವುದು ಇದೇ ಜಾಗದಲ್ಲಿ. ಸಂದರ್ಶನ ಮೂರು ವರ್ಷ ತಡವಾದರೆ ನೆನಪು ಮಸುಕಾಗುತ್ತದೆ. ಪೊಲೀಸರು ಬಂದದ್ದು ಮಂಗಳವಾರವೋ ಗುರುವಾರವೋ, ಅಣ್ಣನನ್ನು ಒಯ್ದದ್ದು ಮಳೆಗಾಲಕ್ಕೆ ಮೊದಲೋ ಆಮೇಲೋ ಎಂದು ಅರ್ಜಿದಾರ ತಡವರಿಸುತ್ತಾನೆ. ಆ ತಡವರಿಕೆಯನ್ನು ಸುಳ್ಳಿನ ಗುರುತೆಂದು ಬರೆದುಕೊಳ್ಳುವ ಅಧಿಕಾರಿಗಳೂ ಇದ್ದಾರೆ. ಸಾಕ್ಷಿ ಹೇಳಬಲ್ಲ ಬಂಧುಗಳು ಚದುರಿಹೋಗುತ್ತಾರೆ, ಫೋನ್ ನಂಬರುಗಳು ಬದಲಾಗುತ್ತವೆ. ವಿಳಂಬ ಅರ್ಜಿಯನ್ನು ಇದ್ದಂತೆಯೇ ಇಟ್ಟು ಕಾಯಿಸುವುದಿಲ್ಲ. ಒಳಗಿನಿಂದ ಅದನ್ನು ಸವೆಸುತ್ತದೆ.

ಕಾಯುವ ದಿನಗಳು

ಬೆಂಗಳೂರಿನ ಸುತ್ತಮುತ್ತ ಮನೆ ಬಾಡಿಗೆಗೆ ಹಿಡಿಯುವುದೆಂದರೆ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು ಪತ್ರ, ಆಧಾರ್ ನಕಲು. ವಿದೇಶಿಯಾದರೆ ಮನೆಯೊಡೆಯರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ತನ್ನ ಕಾಗದ ಎಷ್ಟು ದಿನ ನಡೆಯುತ್ತದೆಂದು ತಿಳಿಯದವನಿಗೆ ಮನೆ ಕೊಡಲು ಸಜ್ಜನ ಮನೆಯೊಡೆಯರೂ ಹಿಂಜರಿಯುತ್ತಾರೆ. ಠಾಣೆಯಿಂದ ಕರೆ ಬಂದರೆ ಉತ್ತರಿಸಬೇಕಾದವರು ಅವರೇ. ವಿಶ್ವಸಂಸ್ಥೆಯ ಕಾರ್ಡೊಂದನ್ನೇ ನೋಡಿ ಆಧಾರ್ ಕೊಡುವುದಿಲ್ಲ. ಆಧಾರ್ ಇಲ್ಲದೆ ಬ್ಯಾಂಕ್ ಖಾತೆಯೂ ಮೊಬೈಲ್ ಸಿಮ್ಮೂ ಕಷ್ಟ. ಖಾತೆ, ಸಿಮ್ಮು ಇಲ್ಲದವನಿಗೆ ಇವತ್ತಿನ ಬೆಂಗಳೂರಿನಲ್ಲಿ ತರಕಾರಿ ಗಾಡಿ ಇಟ್ಟುಕೊಳ್ಳುವುದೂ ಕಷ್ಟ. ಉಳಿದದ್ದು ದಿನದ ಕೊನೆಗೆ ನಗದು ಕೊಡುವ ಕೆಲಸ: ಗುಜರಿ, ಗಾರೆ, ಹೋಟೆಲಿನ ಹಿಂಬದಿ. ಕೂಲಿ ಕೊಡದಿದ್ದರೆ ದೂರು ಕೊಡಲು ಹೋಗುವುದೆಲ್ಲಿಗೆ? ದೂರು ಕೊಡಲು ಹೋದವನನ್ನೇ ಮೊದಲು ಕೇಳುವುದು ವೀಸಾ ಎಲ್ಲಿ ಎಂದು.

ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿ ಮಗುವಿಗೂ 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಪೌರತ್ವದ ಷರತ್ತು ಅದರಲ್ಲಿಲ್ಲ. ಹಾಗಾಗಿ ಸರ್ಕಾರಿ ಶಾಲೆಗೆ ಸೇರಿದ ಮಕ್ಕಳು ವರ್ಷವೊಂದರಲ್ಲಿ ಕನ್ನಡ ಕಲಿತು, ಅಪ್ಪ ಅಮ್ಮನಿಗೆ ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ದುಭಾಷಿಗಳಾಗುತ್ತಾರೆ. ಹದಿನಾಲ್ಕು ದಾಟಿದ ಮೇಲೆ ದಾರಿ ಕಿರಿದಾಗುತ್ತದೆ. ಪೌರತ್ವ ಕಾಯ್ದೆಯಂತೆ, 1987ರ ಜುಲೈ 1ರಿಂದ ಇಲ್ಲಿ ಹುಟ್ಟಿದವರಿಗೆ ಪೌರತ್ವ ಸಿಗಲು ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಹುಟ್ಟಿದವರಿಗೆ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಕೂಡದು. ಹೀಗೆ ತಂದೆಯ ಅರ್ಜಿ ಇತ್ಯರ್ಥವಾಗದಿದ್ದರೆ ಅದರ ಬಾಕಿ ಮಗುವಿನ ಹೆಸರಿಗೆ ಬರುತ್ತದೆ.

ಮನಸ್ಸಿನ ಮೇಲಾಗುವ ಪರಿಣಾಮವನ್ನು ಅಳೆದ ಅಧ್ಯಯನಗಳಿವೆ. ನೆದರ್ಲೆಂಡ್ಸಿನಲ್ಲಿ ಮನೋವೈದ್ಯ ಕಾರ್ನೆಲಿಸ್ ಲಾಬಾನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇರಾಕಿನ ಆಶ್ರಯಾರ್ಥಿಗಳ ಎರಡು ಗುಂಪುಗಳನ್ನು ಹೋಲಿಸಿತು. ಬಂದು ಆರು ತಿಂಗಳೂ ಆಗದವರಲ್ಲಿ ಮಾನಸಿಕ ಕಾಯಿಲೆಯಿದ್ದವರು ಶೇ. 42, ಎರಡು ವರ್ಷಕ್ಕಿಂತ ಹೆಚ್ಚು ಕಾದವರಲ್ಲಿ ಶೇ. 66. ಯುದ್ಧ ಕಂಡವರು ಎರಡೂ ಗುಂಪಿನಲ್ಲಿದ್ದರು. ದೀರ್ಘ ಕಾಯುವಿಕೆ ತಾನೇ ಕಾಯಿಲೆಯ ದೊಡ್ಡ ಕಾರಣವೆಂದು ಆ ಅಧ್ಯಯನ ಕಂಡುಕೊಂಡಿತು. ಸ್ವಿಟ್ಜರ್ಲೆಂಡಿನ ದಾಖಲೆಗಳ ಮೇಲೆ 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ತೀರ್ಮಾನ ಒಂದು ವರ್ಷ ಹೆಚ್ಚು ತಡವಾದರೆ, ಆಶ್ರಯ ಸಿಕ್ಕ ಮೇಲೂ ಉದ್ಯೋಗದಲ್ಲಿರುವವರ ಪ್ರಮಾಣ ಶೇಕಡಾ 4ರಿಂದ 5 ಅಂಶದಷ್ಟು ಕುಸಿಯುತ್ತದೆ. ಕಾದು ಕಾದು ಉತ್ಸಾಹ, ಕಸುಬಿನ ಹಿಡಿತ ಎರಡೂ ಹೋಗಿರುತ್ತವೆ. ಆಶ್ರಯ ಕೊಟ್ಟ ದೇಶಕ್ಕೂ ಇದು ನಷ್ಟ.

ಮದುವೆ, ಸಾವುಗಳ ವಿಷಯ ಅಂಕಿಗಳಲ್ಲಿ ಬರುವುದಿಲ್ಲ. ತೀರ್ಮಾನವಾಗುವವರೆಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ದಾರಿ ತೆರೆಯುವುದಿಲ್ಲ. ತಾಯಿ ತೀರಿಕೊಂಡರೆ ಮಣ್ಣಿಗೆ ಹೋಗಿ ಬರಲಾಗುವುದಿಲ್ಲ, ಹೋದರೆ ಭಯವೇ ಸುಳ್ಳೆಂದು ಅರ್ಜಿ ಬಿದ್ದುಹೋಗುತ್ತದೆ. ಕೆನಡಾವೋ ಆಸ್ಟ್ರೇಲಿಯಾವೋ ಕರೆಸಿಕೊಳ್ಳಲು ಒಪ್ಪಿದರೂ ಭಾರತ ಬಿಡಲು ನಿರ್ಗಮನ ಪರವಾನಗಿ ಬೇಕು.

ಸೊಂಡೆಕೊಪ್ಪದಂಥ ಕೇಂದ್ರಗಳಲ್ಲಿ ಕಾಯುವಿಕೆಗೆ ಗೋಡೆಯೂ ಸೇರುತ್ತದೆ. ಗಡೀಪಾರಿಗೆ ಆ ವ್ಯಕ್ತಿ ತಮ್ಮವನೆಂದು ಅವನ ದೇಶ ಒಪ್ಪಿ ಪ್ರಯಾಣದ ಕಾಗದ ಕೊಡಬೇಕು. ರಾಯಭಾರ ಕಚೇರಿ ಸುಮ್ಮನಿದ್ದರೆ ಬಂಧನ ಬೆಳೆಯುತ್ತಲೇ ಹೋಗುತ್ತದೆ. 2020ರ ಮೇ 19ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಬಾಂಗ್ಲಾದೇಶದವರೆಂದು ಆರೋಪಿತರಾದವರ ಜಾಮೀನು ಪ್ರಕರಣವೊಂದರಲ್ಲಿ, ವಿದೇಶಿಯರನ್ನು ಎಲ್ಲಿ, ಹೇಗೆ ಇರಿಸಬೇಕು, ಬಂಧನ ಕೇಂದ್ರಗಳಲ್ಲಿ ಏನೇನು ಸೌಕರ್ಯವಿರಬೇಕು ಎಂದು ವಿವರವಾದ ಮಾರ್ಗಸೂಚಿ ಹೊರಡಿಸಿದರು. ಸಂವಿಧಾನದ 21ನೆಯ ವಿಧಿಯ ಜೀವದ ಹಕ್ಕು ಪೌರರಿಗಷ್ಟೇ ಅಲ್ಲ, ಪ್ರತಿ ವ್ಯಕ್ತಿಗೂ ಸಲ್ಲುತ್ತದೆಂದು 1996ರಲ್ಲಿ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ನ್ಯಾಯಾಲಯ 2021ರ ಏಪ್ರಿಲಿನಲ್ಲಿ ಜಮ್ಮುವಿನ ರೋಹಿಂಗ್ಯಾಗಳ ಗಡೀಪಾರನ್ನು ತಡೆಯಲೊಪ್ಪದೆ, ನಿಗದಿತ ಕ್ರಮದಂತೆ ನಡೆಯಲಿ ಎಂದಿತು. ಈ ಎರಡು ಮಾತುಗಳ ನಡುವಿನ ಸಣ್ಣ ಜಾಗದಲ್ಲಿ ವಕೀಲರು ವಾದಿಸುತ್ತಾರೆ.

ಬೈಲಕುಪ್ಪೆ: ಬೇಗ ಸಿಕ್ಕ ಉತ್ತರ, ಸಿಗದೆ ಉಳಿದ ಉತ್ತರ

ಉತ್ತರ ಬೇಗ ಕೊಡಲು ಸಾಧ್ಯವೆಂಬುದಕ್ಕೂ ಕರ್ನಾಟಕವೇ ಸಾಕ್ಷಿ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಜವಾಹರಲಾಲ್ ನೆಹರೂ ರಾಜ್ಯಗಳಿಗೆ ಪತ್ರ ಬರೆದಾಗ ಈ ರಾಜ್ಯ ಭೂಮಿ ಕೊಡಲು ಮುಂದೆ ಬಂತು. 1960ರ ಕೊನೆಯಲ್ಲೇ ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಕಾಡಿನಂಚಿನಲ್ಲಿ ಟಿಬೆಟಿನವರ ಮೊದಲ ತಂಡ ಇಳಿಯಿತು. ಆಮೇಲೆ 1966ರಲ್ಲಿ ಮುಂಡಗೋಡು, 1972ರಲ್ಲಿ ಹುಣಸೂರಿನ ಗುರುಪುರ, 1974ರಲ್ಲಿ ಕೊಳ್ಳೇಗಾಲದ ಒಡೆಯರಪಾಳ್ಯ. ಒಬ್ಬೊಬ್ಬರನ್ನೇ ಕೂರಿಸಿ ನಿನ್ನ ಭಯವನ್ನು ರುಜುವಾತು ಮಾಡು ಎನ್ನಲಿಲ್ಲ. ಒಂದಿಡೀ ಜನಸಮುದಾಯದ ಕಷ್ಟವನ್ನು ಒಟ್ಟಿಗೆ ಒಪ್ಪಿಕೊಂಡರು. ಬಂದವರು ಆನೆ ಕಾಡಿನ ಪಕ್ಕ ಮುಸುಕಿನ ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೊರಟರು, ಮಠಗಳನ್ನು ಕಟ್ಟಿದರು. ಗುಂಪಾಗಿ ಗುರುತಿಸುವ ಈ ಕ್ರಮವನ್ನು ವಿಳಂಬಕ್ಕೆ ಮದ್ದಾಗಿ ಯುಎನ್‌ಎಚ್‌ಸಿಆರ್ ಇಂದಿಗೂ ಬಳಸುತ್ತದೆ.

ಆದರೆ ಇರಲು ಜಾಗ ಸಿಕ್ಕಿತೇ ಹೊರತು ಇವರು ಯಾರೆಂಬ ಪ್ರಶ್ನೆ ತೆರೆದೇ ಉಳಿಯಿತು. ಟಿಬೆಟಿನವರ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಹಳದಿ ಹೊದಿಕೆಯ ಗುರುತಿನ ಪುಸ್ತಕ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರೆಂದು ಕಾಯ್ದೆ ಹೇಳುತ್ತಿದ್ದರೂ, ಅದನ್ನು ಹೇಳಿಸಿಕೊಳ್ಳಲು ಅವರು 2010ರಲ್ಲಿ ದೆಹಲಿ ಹೈಕೋರ್ಟಿಗೂ 2013ರಲ್ಲಿ ಕರ್ನಾಟಕ ಹೈಕೋರ್ಟಿಗೂ ಹೋಗಬೇಕಾಯಿತು. ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿದ್ದು 2014ರಲ್ಲಿ. 2017ರಲ್ಲಿ ಪಾಸ್‌ಪೋರ್ಟಿಗೆ ದಾರಿಯಾದಾಗ ನೋಂದಣಿ ಪತ್ರ ಒಪ್ಪಿಸಬೇಕು, ಟಿಬೆಟನ್ ವಸಾಹತಿನಲ್ಲಿ ವಾಸಿಸಬಾರದು ಎಂಬ ಷರತ್ತುಗಳೂ ಬಂದವು. ತಾತ ಹೊಡೆದ ಹೊಲ, ಅಪ್ಪ ಕಟ್ಟಿದ ಮನೆ ಬಿಟ್ಟು ಪೌರನಾಗಬೇಕೋ, ಅಲ್ಲೇ ಇದ್ದು ವಿದೇಶಿಯಾಗಿರಬೇಕೋ ಎಂಬ ಲೆಕ್ಕ ಎಷ್ಟೋ ಮನೆಗಳಲ್ಲಿ ಇಂದಿಗೂ ಬಗೆಹರಿದಿಲ್ಲ. ಪೌರತ್ವ ಬೇಡವೆನ್ನುವ ಹಿರಿಯರೂ ಇದ್ದಾರೆ. ಟಿಬೆಟಿಗೆ ಹಿಂದಿರುಗುವ ಆಸೆಯನ್ನು ಕಾಗದದ ಮೇಲೂ ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ. ಅವರ ಕಾಯುವಿಕೆ ಅವರೇ ಆರಿಸಿಕೊಂಡದ್ದು, ಅದನ್ನು ವಿಳಂಬವೆನ್ನಲಾಗದು.

ಇದೇ ಪ್ರಶ್ನೆ ನೆರೆಯ ತಮಿಳುನಾಡಿನಲ್ಲೂ ತೆರೆದೇ ಇದೆ. ಹೊಸಕೋಟೆಯಿಂದ ಮಾಲೂರಿನ ಮೇಲೆ ಹೊಸೂರಿಗೆ ಹೋದರೆ ಸಿಗುವ ಕೃಷ್ಣಗಿರಿ ಜಿಲ್ಲೆಯಲ್ಲಿ ಶ್ರೀಲಂಕಾ ತಮಿಳರ ಶಿಬಿರಗಳಿವೆ. 1983ರ ಹಿಂಸೆಯ ನಂತರ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು ತಮಿಳುನಾಡಿನ ಇಂಥ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿದ್ದಾರೆ. 2021ರಲ್ಲಿ ಆ ರಾಜ್ಯ ಅವನ್ನು ನಿರಾಶ್ರಿತರ ಶಿಬಿರ ಎನ್ನದೆ ಪುನರ್ವಸತಿ ಶಿಬಿರ ಎಂದು ಕರೆಯತೊಡಗಿತು. ಹೆಸರು ಬದಲಾಯಿತು, ಪೌರತ್ವ ಬರಲಿಲ್ಲ.

ಸಿಂಧನೂರಿನ ಕ್ಯಾಂಪುಗಳು

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ, ಆರ್.ಎಚ್. ಕ್ಯಾಂಪುಗಳೆಂದು ಕರೆಯುವ ಊರುಗಳಿವೆ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳಿಗೂ ಬರ್ಮಾದಿಂದ ಹಿಂದಿರುಗಿದವರಿಗೂ ಕೇಂದ್ರ ಸರ್ಕಾರ ಅಲ್ಲಿ ಪುನರ್ವಸತಿ ಕಲ್ಪಿಸಿತ್ತು. ಭತ್ತದ ಗದ್ದೆ, ಮೀನಿನ ಕೆರೆ, ದುರ್ಗಾಪೂಜೆಯ ಪೆಂಡಾಲು ಇರುವ ಈ ಊರುಗಳ ಇಂದಿನ ತಲೆಮಾರು ಸಿಂಧನೂರಿನ ಕನ್ನಡವನ್ನೇ ಆಡುತ್ತದೆ. ಆದರೆ ಆಮೇಲೆ ಬಂಧುಗಳನ್ನು ಅರಸಿ ಬಂದು ಸೇರಿಕೊಂಡವರಿಗೆ ಪೌರತ್ವದ ದಾಖಲೆ ಇರಲಿಲ್ಲ. ಪೌರತ್ವ ಕಾಯ್ದೆಯ 2003ರ ತಿದ್ದುಪಡಿ ಅವರನ್ನು ಅಕ್ರಮ ವಲಸಿಗರೆಂಬ ಪದದಡಿ ತಂದು, ಅರ್ಜಿ ಹಾಕುವ ದಾರಿಯನ್ನೇ ಮುಚ್ಚಿತು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾಗಿರುವ ನಾಮಶೂದ್ರರಿಗೆ ಕರ್ನಾಟಕದಲ್ಲಿ ಆ ಪ್ರಮಾಣಪತ್ರವಿಲ್ಲವೆಂಬ ಕೊರಗು ಇದರ ಮೇಲೆ.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅದು ದಾರಿ ತೆರೆಯಿತು. ಮುಸ್ಲಿಮರನ್ನು ಬಿಟ್ಟದ್ದು, ಶ್ರೀಲಂಕಾ, ಮ್ಯಾನ್ಮಾರ್, ಟಿಬೆಟ್‌ಗಳನ್ನು ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬೇಡುವವನ ಭಯವನ್ನು ನೋಡದೆ ಅವನ ಧರ್ಮವನ್ನು ನೋಡಿ ಸಾಲು ಬದಲಿಸಿದರೆ, ಬೆಳ್ಳಹಳ್ಳಿಯ ಶೆಡ್ಡಿನಲ್ಲಿರುವವನ ಕಾಯುವಿಕೆಗೆ ಕೊನೆಯೇ ಕಾಣುವುದಿಲ್ಲ. ಕಾಯ್ದೆಯೊಳಗೆ ಸೇರಿದವರಿಗೂ ಕಾಯುವುದು ತಪ್ಪಲಿಲ್ಲ: ಕಾಯ್ದೆಗೆ ನಿಯಮಗಳು ಬಂದದ್ದು ನಾಲ್ಕು ವರ್ಷ ದಾಟಿದ ಮೇಲೆ, 2024ರ ಮಾರ್ಚ್ 11ರಂದು. ಅದೇ ವರ್ಷದ ಆಗಸ್ಟಿನಲ್ಲಿ ಸಿಂಧನೂರಿನ ಕ್ಯಾಂಪುಗಳ ಬೆರಳೆಣಿಕೆಯ ಮಂದಿಗೆ ಪೌರತ್ವ ಪತ್ರ ಬಂತು. ಅದೇ ಕ್ಯಾಂಪುಗಳ ಉಳಿದ ಎಷ್ಟೋ ಮಂದಿ, ಯಾವ ತಾರೀಖಿನಂದು ಗಡಿ ದಾಟಿದೆವೆಂದು ತೋರಿಸುವ ಹಳೆಯ ಕಾಗದವೊಂದನ್ನು ಟ್ರಂಕಿನ ತಳದಲ್ಲಿ ಹುಡುಕುವವರಾಗಿ ಉಳಿದರು.